ಕಾಕು ಉಳಿಸಿದ ಮೀನುಗಳು

ಪಕ್ಕದ ಮನೆಯ ಸೊಸೆ ಹಳೆಯ ಪಾತ್ರೆ ಹೊರಹಾಕುವಾಗ ಮುಚ್ಚಳದ ಸ್ಟೀಲ್ ಡಬ್ಬಿಯೊಂದನ್ನು ನನಗೆ ಕೊಟ್ಟಳು. ಮುಚ್ಚಳ ತೆಗೆದರೆ, ಎಷ್ಟು ತಿಕ್ಕಿದರೂ ಹೋಗದ ಕೆಸರಿನ ವಾಸನೆ. ಇದರಲ್ಲೇ ಅಲ್ಲವೇ ಕಾಕು...

ಕಾಕು ಅವಳ ಅತ್ತೆ. ಜೈನ ಮನೆತನ. ನಮ್ಮ ಮನೆಯಲ್ಲಿ ಮೀನು ಹುರಿದರೆ ದಬ್ಬನೆ ಕಿಟಕಿ ಹಾಕಿಕೊಳ್ಳುತ್ತಿದ್ದರು. ಅಂಥವರಿಗೆ ತಿಂಗಳಿಗೊಮ್ಮೆ ನಾನೇ ಬೇಕಾಗುತ್ತಿದ್ದೆ! ತಿಂಗಳಿಗೊಂದು ಚತುರ್ದಶಿಗೆ ಮೀನೊಂದರ ಜೀವ ಉಳಿಸುವುದು ಅವರ ನೇಮ. ಮೀನು ಮಾರ್ಕೆಟ್ಟಿಗೆ ಅವರು ಕಾಲಿಡುವಂತಿಲ್ಲ, ನಾನು ಇಡಬಹುದು.

"ಜೀವ ಇದ್ದದ್ದನ್ನ ತಗೊಂಡ ಬಾರವಾ," ಎಂದು ಮೂಗಿಗೆ ಸೆರಗು ಹಿಡಿದು ರಸ್ತೆಯಾಚೆ ನಿಲ್ಲುತ್ತಿದ್ದರು. ಬೆಳಗಾವಿಯ ಆ ಮಾರ್ಕೆಟ್ಟಿನಲ್ಲಿ ಜೀವ ಇರುತ್ತಿದ್ದದ್ದು ನೀಲಿ ಡ್ರಮ್ಮಿನ ಮೀಸೆಯ ಕಪ್ಪು ಮೀನುಗಳಿಗೆ ಮಾತ್ರ. ಆಗ ನಾನು ಖಾನಾಪುರದಲ್ಲಿ ಶಿಕ್ಷಕಿ, ಬೆಳಗಾವಿಯಿಂದ ದಿನಾ ಹೋಗಿಬರುತ್ತಿದ್ದೆ. ಕಾಕು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಸ್ಕೂಟರಿನ ಹಿಂದೆ ಕುಳಿತು ಬಂದು, ಅಲ್ಲಿನ ಮಲಪ್ರಭೆ ಹೊಳೆಗೆ ಮೀನು ಬಿಟ್ಟು, ಕೈಮುಗಿದು, ಬಸ್ಸಿಗೆ ವಾಪಸಾಗುತ್ತಿದ್ದರು.

ಅವರ ಮಂಡಿ ಸೋತ ಮೇಲೆ ನಾನೊಬ್ಬಳೇ ಒಯ್ಯತೊಡಗಿದೆ. ಒಮ್ಮೆ ಹೊಳೆಯ ಮೆಟ್ಟಿಲ ಘಾಟಿನಲ್ಲಿ ಬಲೆ ಬಿಡಿಸುತ್ತಿದ್ದವನೊಬ್ಬ ನೋಡಿ ಎದ್ದುಬಂದ.

"ಇದನ್ನ್ಯಾಕ ಬಿಟ್ರಿ ಟೀಚರ? ಇದು ಹೊರದೇಶದ ಜಾತಿರಿ. ನಮ್ಮ ಹೊಳಿ ಮೀನೆಲ್ಲಾ ನುಂಗಿ ಹಾಕತೈತಿ."

ತಾನು ಹಿಡಿದಿದ್ದ ಅಂಥದೇ ಒಂದರ ಹೊಟ್ಟೆ ಸೀಳಿ ತೋರಿಸಿದ. ಒಳಗೆ ಬೆರಳುದ್ದದ ಬೆಳ್ಳನೆಯ ಮೀನುಗಳು, ಒಂದರ ಮೇಲೊಂದು...

ಕಾಕುಗೆ ಹೇಳಬೇಕಿತ್ತು. ಬಾಗಿಲಲ್ಲಿ ಕಾದು ಕುಳಿತ ಆ ಮುಖ ನೋಡಿ ಬಾಯಿ ಬರಲಿಲ್ಲ. ಸರಿ, ಹೇಳದಿದ್ದರೆ ಬಿಡುವುದನ್ನಾದರೂ ನಿಲ್ಲಿಸಬಹುದಿತ್ತಲ್ಲ? ಅದನ್ನೂ ಮಾಡಲಿಲ್ಲ. ಒಂದೊಂದು ಮೀನಿನಿಂದ ಇಡೀ ಹೊಳೆಗೆ ಏನಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮತ್ತೆರಡು ವರ್ಷ ಒಯ್ದು ಬಿಟ್ಟೆ. ಬರೆಯುವಾಗಲೂ ನಾಚಿಕೆಯಾಗುತ್ತದೆ.

ಹಾಸಿಗೆ ಹಿಡಿದ ಮೇಲೆ ಕಾಕು ಒಂದು ದಿನ ಕೇಳಿದರು. "ನಮ್ಮ ಮೀನ ಆರಾಮ ಅದಾವೇನವಾ?"

"ಹೊಳಿ ತುಂಬ ಅವೇ ಅದಾವ್ರಿ ಕಾಕು," ಎಂದೆ.

ಅವರು ನಕ್ಕು, ಮಲಗಿದಲ್ಲೇ ಕೈಮುಗಿದರು. ಅದಾಗಿ ಹೆಚ್ಚು ದಿನ ಇರಲಿಲ್ಲ. ನಾನು ಹೇಳಿದ್ದು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಮೊನ್ನೆ ಖಾನಾಪುರಕ್ಕೆ ಹೋದಾಗ ಘಾಟಿಗೆ ಇಳಿದೆ. ಬಲೆಯವನ ಬುಟ್ಟಿಯ ತುಂಬ ಮೀಸೆಯವೇ. ಆ ಬೆಳ್ಳನೆಯ ಮೀನು ಇಲ್ಲವೇ ಎಂದು ಕೇಳಿದೆ.

"ಅವೆಲ್ಲಿ ಬರತಾವ್ರಿ ಈಗ," ಎಂದ.

ಡಬ್ಬಿಯನ್ನು ತೊಳೆದು ಬಿಸಿಲಿಗಿಟ್ಟಿದ್ದೇನೆ. ಅದರಲ್ಲಿ ಏನನ್ನೂ ತುಂಬಿಡಲು ಮನಸ್ಸಾಗುತ್ತಿಲ್ಲ.