ಇನ್ನಾಸಪ್ಪನವರ ಒಣ ತಲೆ

ಶಿಡ್ಲಘಟ್ಟದ ಚರ್ಚಿನ ಉಪದೇಶಿ ಇನ್ನಾಸಪ್ಪನವರಿಗೆ ಇರುವುದು ಒಂದೇ ಭಯ, ತಲೆಗೆ ನೀರು ಹುಯ್ದು ಕ್ರೈಸ್ತರಾಗಿಸುವ ಜ್ಞಾನಸ್ನಾನ ತಮಗೆಲ್ಲಿ ಎರಡನೇ ಸಲ ಆಗಿಬಿಡುತ್ತದೋ ಎಂದು. “ಒಂದ್ಸಲ ಬಿದ್ದ ಮುದ್ರೆ ಕಣಪ್ಪ, ಸತ್ರೂ ಅಳಿಸಲ್ಲ” ಎನ್ನುವ ಅವರು ಕ್ಷೌರದಂಗಡಿಯಲ್ಲಿ ತಲೆಗೆ ನೀರು ಚಿಮುಕಿಸಲು ಬಿಡದೆ ಒಣಗೂದಲನ್ನೇ ಕತ್ತರಿಸಿಕೊಳ್ಳುತ್ತಾರೆ. ಮನೆಯಲ್ಲಿ ಹೆಂಡತಿ ಎಣ್ಣೆ ತಿಕ್ಕಬಹುದು, ನೀರು ಮಾತ್ರ ತಾವೇ ಹುಯ್ದುಕೊಳ್ಳಬೇಕು, ತನಗೆ ತಾನೇ ಹುಯ್ದುಕೊಂಡದ್ದು ಜ್ಞಾನಸ್ನಾನ ಆಗುವುದಿಲ್ಲವಲ್ಲ. ಬೇರೆ ಕ್ರೈಸ್ತ ಪಂಗಡದವರು ಕೃಷಿಹೊಂಡದಲ್ಲಿ ಮುಳುಗಿಸುತ್ತೇವೆ ಬನ್ನಿ ಎಂದರೆ, “ನಂದೂ ಆಗೈತೆ, ನಿಮ್ದೂ ಆಗೈತೆ, ಹೊಂಡದಲ್ಲಿ ಮೀನು ಸಾಕ್ರಪ್ಪ” ಎಂದು ಕಳಿಸುತ್ತಾರೆ. ಆದರೆ ಹೊಸ ಫಾದರ್‌ಗೆ ಅವರ ಜ್ಞಾನಸ್ನಾನದ ಮೇಲೇ ಅನುಮಾನ ಬಂತು. ಇನ್ನಾಸಪ್ಪ ಹುಟ್ಟಿದಾಗ ಉಸಿರಾಡಲಿಲ್ಲವಂತೆ. ರೇಷ್ಮೆಗೂಡು ಬೇಯಿಸುತ್ತಿದ್ದ ಪಕ್ಕದ ಮನೆಯ ಅಶ್ವತ್ಥಮ್ಮ ಓಡಿಬಂದು, ಬಾಣಂತಿ ಹೇಳಿಕೊಟ್ಟ ಜ್ಞಾನಸ್ನಾನದ ಮಾತನ್ನು ತೆಲುಗಿನಲ್ಲಿ ತೊದಲುತ್ತ ಒಂದು ಚೊಂಬು ನೀರು ಹುಯ್ದಿದ್ದರು. “ಅಂಥ ಹೊತ್ತಲ್ಲಿ ಯಾರು ಹುಯ್ದರೂ ನಡೆಯುತ್ತೆ, ಮಾತು ತಪ್ಪಿದ್ದರೆ ನಡೆಯಲ್ಲ. ಅನುಮಾನಕ್ಕೆ ಇನ್ನೊಂದ್ಸಲ ಹುಯ್ಯೋಣ” ಎಂದರು ಫಾದರ್. ಇನ್ನಾಸಪ್ಪ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. “ಬೇಡಿ ಸ್ವಾಮಿ. ಆಯಮ್ಮ ಈಗ್ಲೂ ಜಗಲೀಲಿ ಕೂತು, ಇವನು ನನ್ನ ಕೈ ನೀರಲ್ಲಿ ಬದುಕ್ದೋನು ಅಂತಾರೆ. ಆ ನೀರು ಸಾಲ್ಲಿಲ್ಲ ಅಂತ ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ?”