ಮಲ್ಲಟದಾಚೆ ಇಲ್ಲದ ಮೆಟ್ಟಿಲು

ನನಗಿಂತ ತಡವಾಗಿ ಕೆಲಸಕ್ಕೆ ಸೇರಿದ ಹುಡುಗಿಯ ನಕ್ಷೆ ನನ್ನ ನಕ್ಷೆಗಿಂತ ಚೆಂದ ಇದೆ ಎಂಬುದು ಮೊದಲ ವಾರದಲ್ಲೇ ನನಗೆ ಗೊತ್ತಾಗಿತ್ತು. ಒಪ್ಪಿಕೊಳ್ಳಲು ಮಾತ್ರ ಮನಸ್ಸಿರಲಿಲ್ಲ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಟ್ಟು ಏನು ಪ್ರಯೋಜನ?

ರಾಯಚೂರಿನ ನಮ್ಮ ಕಚೇರಿಯಲ್ಲಿ ನೆಲದ ಏರುತಗ್ಗಿನ ನಕ್ಷೆ ತಯಾರಾಗುತ್ತದೆ. ಸಣ್ಣ ವಿಮಾನವೊಂದು ಹೊಲಗಳ ಮೇಲೆ ಹಾರುತ್ತಾ ಲೇಸರ್ ಬೆಳಕನ್ನು ಕೆಳಗೆ ಬಿಡುತ್ತದೆ. ಬೆಳಕು ನೆಲ ಮುಟ್ಟಿ ಮರಳಲು ಹಿಡಿದ ಹೊತ್ತಿನಿಂದ ಎತ್ತರ ತಿಳಿಯುತ್ತದೆ. ಹಾಗೆ ಬಂದ ಕೋಟಿಗಟ್ಟಲೆ ಚುಕ್ಕಿಗಳಲ್ಲಿ ಯಾವುದು ನೆಲ, ಯಾವುದು ಗಿಡ, ಯಾವುದು ಮನೆ ಎಂದು ಬೇರ್ಪಡಿಸುವುದು ನಮ್ಮ ಕೆಲಸ. ದೇವದುರ್ಗದ ಕಡೆಯದು ನನ್ನ ಪಾಲಿಗೆ, ಮಾನ್ವಿಯ ಕಡೆಯದು ಆಕೆಯ ಪಾಲಿಗೆ ಬಂದಿತ್ತು. ಎರಡೂ ಕಡೆ ವಿಮಾನ ಹಾರಿಸಿದ ಗುತ್ತಿಗೆದಾರರು ಬೇರೆ ಬೇರೆ.

ಯರಗೇರಾದಿಂದ ನಾನು ಬಸ್ಸಿನಲ್ಲಿ ನಿಂತುಕೊಂಡು ಬರುವಷ್ಟರಲ್ಲಿ ಆಕೆ ಸ್ಕೂಟಿಯಲ್ಲಿ ಬಂದು, ಹಿರೇಕೊಟ್ನೆಕಲ್ಲಿನ ಗದ್ದೆಗಳ ಬದುಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೂತಿರುತ್ತಿದ್ದಳು. ಸಾಹೇಬರು ಆಕೆಯ ಕುರ್ಚಿಯ ಹಿಂದೆ ನಿಂತು ನನ್ನನ್ನು ಕರೆಯುವರು. "ಇಲ್ಲಿ ಬಂದು ನೋಡ್ರಿ, ಬದು ಹೆಂಗ ಕಾಣಾಕತ್ತಾವ!" ನಾನು ಹೋಗಿ ನೋಡಿ, ತಲೆಯಾಡಿಸಿ, ಉರಿದುಕೊಂಡು ನನ್ನ ಜಾಗಕ್ಕೆ ಬರುವೆ. ಆಕೆಯದು ಭತ್ತದ ಸೀಮೆ, ಅಂಗೈಯಂತೆ ಚಪ್ಪಟೆ. ನನ್ನದರಲ್ಲಿ ಹತ್ತಿ, ತೊಗರಿ, ಗುಡ್ಡ, ಕಲ್ಲು ಎಲ್ಲವೂ ಇದ್ದವು. ಇದಕ್ಕೂ ಅದಕ್ಕೂ ಹೋಲಿಕೆ ಎಲ್ಲಿಯದು ಎಂದು ಮನಸ್ಸಿನಲ್ಲೇ ವಾದ ಮಾಡುತ್ತಿದ್ದೆ.

ಎರಡೂ ಮುಗಿದ ಮೇಲೆ ಇಡೀ ಜಿಲ್ಲೆಯ ನಕ್ಷೆಯ ಜವಾಬ್ದಾರಿಯನ್ನು ನಮ್ಮಲ್ಲೊಬ್ಬರಿಗೆ ಕೊಡುವುದಾಗಿ ಸಾಹೇಬರು ಹೇಳಿದ್ದರು. ಅದು ನನಗೇ ಬರಬೇಕಿತ್ತು. ಮೊದಲು ಸೇರಿದವಳು ನಾನು, ನನ್ನ ಮಟ್ಟಿಗೆ ಅಷ್ಟು ಕಾರಣ ಸಾಕಾಗಿತ್ತು.

ಇಬ್ಬರ ನಕ್ಷೆಗಳನ್ನೂ ಕೂಡಿಸಿದ ದಿನ, ಅವೆರಡೂ ಸೇರುವ ಗೆರೆಯಲ್ಲಿ, ಮಲ್ಲಟ ಎಂಬ ಊರಿನ ಆಚೆ ಒಂದು ಮೆಟ್ಟಿಲು ಎದ್ದಿತು. ಆಳೆತ್ತರದ್ದು. ಹೊಲ, ದಾರಿ, ಹಳ್ಳ ಯಾವುದನ್ನೂ ಬಿಡದೆ ನೆಟ್ಟಗೆ ಸಾಗಿತ್ತು. ನಕ್ಷೆಯನ್ನು ನಂಬಿದರೆ ಹಳ್ಳದ ನೀರು ಅಲ್ಲಿಗೆ ಬಂದು ಗೋಡೆಗೆ ಬಡಿದು ನಿಲ್ಲಬೇಕು. ಅದು ಸಾಲದೆಂಬಂತೆ ಆಕೆಯ ಮುದ್ದಿನ ಬದುಗಳೆಲ್ಲ ಗಿಡಗಳ ಸಾಲಾಗಿಬಿಟ್ಟವು. ಬದುವಿಗೆ ಆಕೆ ಕೊಟ್ಟ ಸಂಕೇತವನ್ನು ನಾನು ಗಿಡಕ್ಕೆ ಕೊಟ್ಟಿದ್ದೆ. ಆಕೆಯ ಮುಖ ಸಪ್ಪಗಾಯಿತು. ನನಗಾದ ಖುಷಿಗೆ ಆ ದಿನ ಎಲ್ಲರಿಗೂ ನಾನೇ ಚಹಾ ತರಿಸಿದೆ.

ಸಾಹೇಬರ ಮುಂದೆ ಗಟ್ಟಿಯಾಗಿ ಹೇಳಿದೆ. "ಎಲ್ಲಾರಿಗೂ ಒಂದ ನಿಯಮ ಇರಬೇಕ್ರಿ ಸರ್. ಒಂದ ಅಳತಿ, ಒಂದ ಸಂಕೇತ, ಒಂದ ಪರೀಕ್ಷಾ. ಅವಾಗ ತಪ್ಪು ಯಾರದಂತ ಗೊತ್ತಾಗ್ತದ." ಮಾತು ನೂರಕ್ಕೆ ನೂರು ಸರಿಯಾಗಿಯೇ ಇತ್ತು. ಆಡಿಸಿದ್ದು ಮಾತ್ರ ಹೊಟ್ಟೆಕಿಚ್ಚು.

ಮರುವಾರ ಮೂವರೂ ಜೀಪಿನಲ್ಲಿ ಹೊರಟೆವು. ದೇವದುರ್ಗದ ಕಡೆ ಕಾಲುವೆಯ ಪಕ್ಕದಲ್ಲಿ ಎತ್ತರ ಕೆತ್ತಿ ನೆಟ್ಟ ಹಳೆಯ ಗುರುತಿನ ಕಲ್ಲಿನ ಮೇಲೆ ಉಪಕರಣ ಇಟ್ಟು ಅಳೆದರೆ ನನ್ನ ಎತ್ತರ ಸರಿಯಾಗಿ ಹೊಂದಿತು. ನಾನು ಆಕೆಯ ಕಡೆ ನೋಡಿದೆ. ಮಾನ್ವಿಯ ಕಡೆಯ ಕಾಲುವೆಯ ಕಲ್ಲಿಗೆ ಬಂದು ಅಳೆದರೆ ಆಕೆಯದೂ ಅಷ್ಟೇ ಸರಿಯಾಗಿ ಹೊಂದಿತು. ಆಗ ನಾನು ಯಾರ ಕಡೆಗೂ ನೋಡಲಿಲ್ಲ.

ಮೆಟ್ಟಿಲು ಇರಬೇಕಾದ ಜಾಗದಲ್ಲಿ ಇದ್ದದ್ದು ಸಪಾಟಾದ ಕರಿನೆಲ. ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು ನಮ್ಮ ಪರದಾಟ ನೋಡಿ ಕೇಳಿದಳು. "ಏನ್ ಕಳಕೊಂಡೀರಿ ಯವ್ವಾ?"

"ಮೆಟ್ಟಲಾ ಹುಡುಕಾಕತ್ತೀವಿ," ಎಂದೆ ನಾನು.

"ಹೊಲದಾಗ ಮೆಟ್ಟಲಾ?" ಆ ಹೆಂಗಸು ನಗುತ್ತಾ ತನ್ನ ಆಡುಗಳನ್ನು ನಕ್ಷೆಯಲ್ಲಿ ಮೆಟ್ಟಿಲಿದ್ದ ಅದೇ ಗೆರೆಯ ಮೇಲೆ ಹೊಡೆದುಕೊಂಡು ಹೋದಳು.

ಸಾಹೇಬರು ಟೋಪಿ ತೆಗೆದು ಬೆವರು ಒರೆಸಿಕೊಂಡರು. "ಇಬ್ಬರದೂ ಖರೆ ಅದ. ಅದಕ್ಕ ಕೂಡವಲ್ದು." ಒಂದು ಕಡೆ ಕೃಷ್ಣೆಯ ಕಾಲುವೆ, ಇನ್ನೊಂದು ಕಡೆ ತುಂಗಭದ್ರೆಯದು, ಎರಡರ ಕಲ್ಲುಗಳೂ ಬೇರೆ ಬೇರೆ ಸೊನ್ನೆಯಿಂದ ಎಣಿಸಿದವು. ಗುತ್ತಿಗೆದಾರರಿಬ್ಬರೂ ತಮಗೆ ಹತ್ತಿರ ಸಿಕ್ಕ ಕಲ್ಲಿನಿಂದ ಎತ್ತರ ಎಣಿಸಿದ್ದರು. ಯಾವ ಕಲ್ಲು ಎಂದು ಅವರು ತಿಳಿಸಿರಲಿಲ್ಲ, ಕೇಳಬೇಕೆಂದು ನಮಗೂ ಹೊಳೆದಿರಲಿಲ್ಲ.

ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಆಕೆಯ ಜೋಳದ ರೊಟ್ಟಿ ಎಷ್ಟು ತೆಳ್ಳಗಿದ್ದವೆಂದರೆ ಸಾಹೇಬರು ಪುಂಡಿಪಲ್ಯ ಹಚ್ಚಿಕೊಂಡು ಕೇಳಿ ಕೇಳಿ ತಿಂದರು. ನನ್ನ ಡಬ್ಬಿಯ ಕಡೆ ಯಾರೂ ಕೈ ಚಾಚಲಿಲ್ಲ. "ನಮ್ಮ ಮನ್ಯಾಗ ದಪ್ಪನ್ನ ರೊಟ್ಟೀನ ರೂಢಿ," ಎಂದೆ, ಯಾರೂ ಕೇಳದಿದ್ದರೂ.

ನಾನು ಕೇಳಿದ ನಿಯಮ ಬಂತು. ಎರಡೂ ಕಾಲುವೆಗಳ ಕಲ್ಲುಗಳನ್ನು ಬಿಟ್ಟು ಎಲ್ಲರೂ ಸಮುದ್ರಮಟ್ಟದಿಂದಲೇ ಎಣಿಸಬೇಕು. ಬದುವಿಗೆ ಎಲ್ಲರದೂ ಒಂದೇ ಸಂಕೇತ. ಎಲ್ಲಿಂದ ಎಣಿಸಿದ್ದು, ಹೇಗೆ ಬೇರ್ಪಡಿಸಿದ್ದು ಎಂಬುದನ್ನು ಮಾಹಿತಿಯ ಜೊತೆಗೇ ತಿಳಿಸಬೇಕು. ಇಬ್ಬರೂ ನಮ್ಮ ನಮ್ಮ ಎತ್ತರಗಳನ್ನು ಬದಲಿಸಿದೆವು, ಮೆಟ್ಟಿಲು ಮಾಯವಾಯಿತು, ಹಳ್ಳ ಹರಿಯಿತು. ನನ್ನ ಭಾಗ ಎಲ್ಲಿ ಮುಗಿದು ಆಕೆಯದು ಎಲ್ಲಿ ಶುರುವಾಗುತ್ತದೆ ಎಂದು ನನಗೇ ತಿಳಿಯದಂತಾಯಿತು.

ಆಮೇಲೆ ನಾನೇ ಕೇಳಿದ್ದ ಪರೀಕ್ಷೆ. ಬೆಳೆ ನಿಂತ ಹೊಲಗಳಲ್ಲಿ ನೆಲವನ್ನು ಅಳೆದು ನಕ್ಷೆಗೆ ಹೋಲಿಸಬೇಕು. ನನ್ನ ನಕ್ಷೆಯಲ್ಲಿ ಎಷ್ಟೋ ಕಡೆ ಹತ್ತಿ ಗಿಡದ ತುದಿಯೇ ನೆಲವಾಗಿತ್ತು. ಆಕೆಯ ಕಡೆಯೂ ಹತ್ತಿ ಇತ್ತು. ಅದರ ಬುಡದ ನೆಲವನ್ನು ಆಕೆ ಹುಡುಕಿ ಹಿಡಿದಿದ್ದಳು. ಸಾಹೇಬರು ನನ್ನನ್ನು ಬೈಯಲಿಲ್ಲ. "ನೀವ ಕೇಳಿದ ಪರೀಕ್ಷಾ, ಚಲೋ ಆತು ನೋಡ್ರಿ," ಎಂದರು. ಜಿಲ್ಲೆಯ ನಕ್ಷೆ ಆಕೆಯ ಕೈಗೆ ಹೋಯಿತು.

ಅಲ್ಲಿಯವರೆಗೆ ನನಗೊಂದು ನೆಪವಿತ್ತು. ಆಕೆಯ ಸೀಮೆ ಬೇರೆ, ಅಳತೆ ಬೇರೆ, ಎಂದು ಎಷ್ಟು ಬೇಕಾದರೂ ಉರಿಯಬಹುದಿತ್ತು. ಒಂದೇ ಅಳತೆ ಬಂದ ಮೇಲೂ ಉರಿ ಆರಲಿಲ್ಲ, ನೆಪ ಮಾತ್ರ ಹೋಯಿತು.

ಆ ಮಧ್ಯಾಹ್ನ ಆಕೆ ಎಂದಿನಂತೆ ನನ್ನ ಮೇಜಿನ ಹತ್ತಿರ ಬಂದಳು. "ಅಕ್ಕಾ, ಊಟಕ್ಕ ಬರ್ರಿ." ನನ್ನ ಡಬ್ಬಿಯಿಂದ ತಾನೇ ಒಂದು ರೊಟ್ಟಿ ತೆಗೆದುಕೊಂಡು, ತನ್ನದೊಂದನ್ನು ನನ್ನ ಕೈಗಿಟ್ಟಳು. ಬೆರಳುಗಳ ನಡುವೆ ಹಿಡಿದು ನೋಡಿದೆ. ನಮ್ಮ ಮನೆಯ ರೂಢಿ ಬೇರೆ ಎನ್ನಲು ಈ ಸಲ ಬಾಯಿ ಬರಲಿಲ್ಲ.