ಕಾಶಿನಾಥಪ್ಪನವರ ಮಾತುಕತೆ

ನಾಸಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಬೀದರಿನ ಕಾಶಿನಾಥಪ್ಪನವರು ಆರು ತಿಂಗಳ ಮೊಮ್ಮಗಳು ಇಂಚರಳನ್ನು ಕೇಳದೆ ಮನೆಯಲ್ಲಿ ಒಂದು ಕೆಲಸವನ್ನೂ ಮಾಡುವುದಿಲ್ಲ. ತರಕಾರಿ ಬುಟ್ಟಿಯಿಂದ ಈರುಳ್ಳಿ ತೆಗೆದು ಅವಳ ಮುಂದಿಟ್ಟು, “ನೋಡವ್ವಾ, ಇದು ಉಳ್ಳಾಗಡ್ಡಿ. ನಾಸಿಕದ ಮಂದಿ ಕಾಂದಾ ಅಂತಾರ. ನಿನಗ ಯಾವ ಹೆಸರು ಸೇರ್ತದ?” ಎಂದು ಕೇಳಿ, ಉತ್ತರಕ್ಕಾಗಿ ಅವಳ ಮುಖವನ್ನೇ ನೋಡುತ್ತಾ ಕೂರುತ್ತಾರೆ. ಫ್ಯಾನಿನ ವೇಗಕ್ಕೂ ಅವಳ ಒಪ್ಪಿಗೆ ಬೇಕು. ಹಾಲಿನವನು ತಡಮಾಡಿದರೆ ದೂರು ಹೋಗುವುದೂ ಅವಳಿಗೇ. ನೌಕರಿಯಲ್ಲಿದ್ದಾಗ ಇವರು ಯಂತ್ರಗಳ ಸದ್ದಿನ ನಡುವೆ ದಿನಗಟ್ಟಲೆ ಬಾಯಿ ಬಿಡುತ್ತಿರಲಿಲ್ಲವೆಂದರೆ ಈಗ ಯಾರೂ ನಂಬಲಿಕ್ಕಿಲ್ಲ. ಇಂಚರ ದಿನ ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಗ, ಮನೆಯವರ ದನಿ ಅವಳ ಕಿವಿಗೆ ಬೀಳುತ್ತಿರಲಿ ಎಂದು ಡಾಕ್ಟರು ಹೇಳಿದ್ದರು. ಏನು ಮಾತಾಡಬೇಕೆಂದು ತೋಚದೆ ಕಾಶಿನಾಥಪ್ಪನವರು ಅಂದು ಪೆಟ್ಟಿಗೆಯ ಹತ್ತಿರ ಬಾಗಿ, ನಾಸಿಕದಿಂದ ಬೀದರಿನವರೆಗಿನ ಸ್ಟೇಷನ್ನುಗಳ ಹೆಸರುಗಳನ್ನೆಲ್ಲ ಮೆಲ್ಲಗೆ ಹೇಳಿದ್ದರು. ಅಂದು ಶುರುವಾದ ಮಾತು ಇವತ್ತಿಗೂ ನಿಂತಿಲ್ಲ. ನಿನ್ನೆ ಮಾತ್ರ ನೆಗಡಿಯಿಂದ ಗಂಟಲು ಕಟ್ಟಿ ದನಿಯೇ ಹೊರಡಲಿಲ್ಲ. ಸುಮ್ಮನೆ ಕೂತ ಅಜ್ಜನನ್ನು ಇಂಚರ ಬಹಳ ಹೊತ್ತು ನೋಡಿದಳು. ಆಮೇಲೆ ಕಾಲು ಬಡಿಯುತ್ತಾ, “ಆಗ್ಗೂ, ಆಗ್ಗೂ” ಎಂದು ಮೊದಲ ಸಲ ತಾನೇ ಶುರುಮಾಡಿದಳು. ಸೊಸೆ ರೂಪಾ, “ಮಾಮಾ, ಕೇಳಿದ್ರೇನ್ರಿ?” ಎಂದು ಒಳಗಿನಿಂದ ಓಡಿ ಬಂದಳು. ಕಾಶಿನಾಥಪ್ಪನವರು ಕಣ್ಣೊರೆಸಿಕೊಂಡು ಪಿಸುಗುಟ್ಟಿದರು: “ನಡುವ ಬಾಯಿ ಹಾಕಬ್ಯಾಡವ್ವಾ. ಈಗ ಆಕಿ ಮಾತಾಡ್ಲತ್ತಾಳ.”